ಮಂಕರಿಯಡಿಯ ಹೇಂಟೆ

ಕಳವಾರದಲ್ಲಿ ಬೆಟ್ಟದ ಕಡೆಗೆ ಅಮ್ಮಾಜಮ್ಮನ ಮನೆಯೇ ಕೊನೆಯದು. ಹಿತ್ತಲ ಕಳ್ಳಿಬೇಲಿ ದಾಟಿದರೆ ರಾಗಿ ಹೊಲ, ಹೊಲ ದಾಟಿದರೆ ಲಂಟಾನದ ಪೊದೆ, ಪೊದೆಯಿಂದ ಮೇಲಕ್ಕೆ ಸ್ಕಂದಗಿರಿಯ ಬಂಡೆ. ಚಿಂತಾಮಣಿಯಾಚೆಯ ಹಳ್ಳಿಯಿಂದ ಅವಳು ಮದುವೆಯಾಗಿ ಬಂದಾಗ ತಾಯಿ ಒಂದು ಹೇಂಟೆ, ಒಂದು ಹುಂಜವನ್ನು ಕಾಲು ಕಟ್ಟಿ ಗಾಡಿಯಲ್ಲಿಟ್ಟು ಕಳಿಸಿದ್ದಳು. ಮಕ್ಕಳಾಗಲಿಲ್ಲ, ಕೋಳಿಗಳಾದವು. ಊರಿನ ಹೆಂಗಸರು ಹೀಗೆ ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಅದಕ್ಕೆ ನೊಂದುಕೊಳ್ಳುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಮನೆಯವರ ಜೊತೆ ಕನ್ನಡ ಆಡುತ್ತಿದ್ದವಳು ಕೋಳಿಗಳ ಜೊತೆ ಮಾತ್ರ ತೆಲುಗು ಆಡುತ್ತಿದ್ದಳು. ಸಂಜೆ ಗೂಡಿನ ಬಾಯಲ್ಲಿ ನಿಂತು "ರಾಂಡಮ್ಮಾ, ರಾಂಡಿ" ಅಂದರೆ ಸಾಕು, ಹೊಲದ ಬದುವಿನಿಂದೆಲ್ಲ ಓಡಿ ಬರುತ್ತಿದ್ದವು.

ಗಂಡ ಮುನಿವೆಂಕಟಪ್ಪ ಮೆತ್ತನೆಯ ಮನುಷ್ಯ. ಹೊಲದ ಯಜಮಾನಿಕೆಯೆಲ್ಲ ತಮ್ಮ ಎರ್ರಪ್ಪನದು. ಒಂದೇ ಮನೆ, ಒಂದೇ ಒಲೆ. ಎರ್ರಪ್ಪ ಕೆಟ್ಟವನೆಂದು ಯಾರೂ ಅನ್ನುತ್ತಿರಲಿಲ್ಲ. ಅವನದು ಅವಸರದ ಕೈ, ಅಷ್ಟೆ. ಊರಿನಲ್ಲಿ ಮೊದಲು ಆಲೂಗಡ್ಡೆಗೆ ಹುಳದ ಔಷಧಿ ಹೊಡೆದವನು ಅವನೇ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಅವನು ಸಾಲಿನಲ್ಲಿ ನಡೆದರೆ ಮಾರನೆಯ ದಿನ ಹುಳುಗಳು ಎಲೆಯಡಿಯಲ್ಲಿ ಉದುರಿ ಬಿದ್ದಿರುತ್ತಿದ್ದವು. ಅದನ್ನು ನೋಡಲು ಪಕ್ಕದ ಹೊಲದವರು ಬರುತ್ತಿದ್ದರು. ಅವನ ಹೆಂಡತಿ ಆಗ ಚೊಚ್ಚಲ ಹೆರಿಗೆಗೆಂದು ಗೌರಿಬಿದನೂರಿನ ತವರಿಗೆ ಹೋಗಿದ್ದಳು.

ಚೀನಾ ಯುದ್ಧದ ಮಾತು ಇನ್ನೂ ಜನರ ಬಾಯಲ್ಲಿದ್ದ ಕಾಲ ಅದು. ಆ ವರ್ಷ ಕಾರ್ತಿಕ ಕಳೆಯುತ್ತಿದ್ದಂತೆ ಕೋಳಿಗಳು ಕಾಣೆಯಾಗತೊಡಗಿದವು. ಮೊದಲು ಒಂದು ಕರಿ ಹೇಂಟೆ, ಆಮೇಲೆ ಮೊಟ್ಟೆಗೆ ಬಂದಿದ್ದ ಎರಡು ಮರಿ. ಬೇಲಿಯ ಸಂದಿನಲ್ಲಿ ಒಂದಷ್ಟು ಪುಕ್ಕ ಬಿಟ್ಟರೆ ಬೇರೇನೂ ಸಿಗಲಿಲ್ಲ. ನರಿ ಅಂದರು. ಆದರೆ ನರಿ ಮುಸ್ಸಂಜೆಗೆ ಬರಬೇಕು. ಇದು ನಡುಹಗಲಲ್ಲಿ ಬರುತ್ತಿತ್ತು, ಮನೆಯಲ್ಲಿ ಒಬ್ಬಳೇ ಹೆಂಗಸಿರುವ ಹೊತ್ತು ಯಾವುದೆಂದು ತಿಳಿದಂತೆ. ಅಮ್ಮಾಜಮ್ಮ ಕೋಳಿಗಳನ್ನು ಹೊಲಕ್ಕೆ ಬಿಡುವುದನ್ನು ನಿಲ್ಲಿಸಿ ಹಿತ್ತಲಿನ ತಿಪ್ಪೆಯ ಸುತ್ತಲೇ ಮೇಯಿಸಿದಳು. ಕೆಂಚನೆಂಬ ನಾಯಿಯನ್ನು ಬೇಲಿಯ ಬಳಿ ಮಲಗಿಸಿದಳು. ಕೆಲಸದ ನಡುವೆ ಸುಮ್ಮನೆ ತಲೆಯೆತ್ತಿ ಪೊದೆಯ ಕಡೆ ನೋಡುವುದು ಅವಳಿಗೆ ಅಭ್ಯಾಸವಾಯಿತು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಣದಿದ್ದಷ್ಟೂ ಅವಳಿಗೆ ಅಲ್ಲಿ ಏನೋ ಕೂತು ನೋಡುತ್ತಿದೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ರಾಗಿ ಕೇರುತ್ತಿದ್ದವಳಿಗೆ ಹಿತ್ತಲಿನ ಸದ್ದು ನಿಂತುಹೋದದ್ದು ತಿಳಿಯಿತು. ಕೋಳಿಗಳು ಕೂಗಾಡಿದರೆ ಅವಳಿಗೆ ಅಷ್ಟು ಭಯವಿರಲಿಲ್ಲ. ಒಮ್ಮೆಲೇ ಸುಮ್ಮನಾದರೆ ಎದೆ ಹಾರುತ್ತಿತ್ತು. ಮೊರ ಕೆಳಗಿಟ್ಟು ಎದ್ದಳು. ಅಷ್ಟರಲ್ಲಿ ಹುಂಜ ಕಿರುಚಿತು, ಕೆಂಚ ಬೇಲಿ ಹಾರಿ ಓಡಿತು. ರಾಗಿ ಹೊಲದ ನಡುವೆ ತೆನೆಗಳು ಗೆರೆ ಎಳೆದಂತೆ ಅಲುಗಿದವು; ಆ ಅಲುಗಾಟ ಪೊದೆಯ ಹತ್ತಿರ ಹೋಗಿ ನಿಂತಿತು. ನಾಯಿ ಬೊಗಳುತ್ತಲೇ ಇತ್ತು. ಬದುವಿನ ಮೇಲೆ ಬೂದಿ ಬಣ್ಣದ ಹೇಂಟೆ ಬಿದ್ದಿತ್ತು. ನರಿ ಬಾಯಿಂದ ಬಿಟ್ಟುಹೋಗಿತ್ತು. ಬೆನ್ನಿನ ಚರ್ಮ ರೆಕ್ಕೆಯ ಬುಡದಿಂದ ಬಾಲದವರೆಗೆ ಸುಲಿದು, ಒಂದು ರೆಕ್ಕೆ ಮುರಿದು ಜೋತಾಡುತ್ತಿತ್ತು. ಕಣ್ಣು ಮಾತ್ರ ತೆರೆದೇ ಇತ್ತು.

ಅಮ್ಮಾಜಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಒಳಗೆ ತಂದಳು. ಬೇವಿನ ಸೊಪ್ಪು ಕುದಿಸಿದ ನೀರು ಆರಿಸಿ ಗಾಯ ತೊಳೆದಳು. ಅಂಟಿದ್ದ ಪುಕ್ಕಗಳನ್ನು ಒಂದೊಂದಾಗಿ ಬಿಡಿಸಿದಳು. ಸೂಜಿಯನ್ನು ದೀಪಕ್ಕೆ ಹಿಡಿದು, ದಾರಕ್ಕೆ ಅರಿಶಿನ ಸವರಿ, ಹರಿದ ಚರ್ಮವನ್ನು ರವಿಕೆ ಹೊಲಿದಂತೆ ಹೊಲಿದಳು. ಹೇಂಟೆ ಒಂದು ಸಲವೂ ಕೂಗಲಿಲ್ಲ. ಅವಳ ತೊಡೆಯ ಮೇಲೆ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ರೆಕ್ಕೆಗೆ ಬಿದಿರಿನ ಸೀಳು ಕಟ್ಟಿ, ಗಾಯಕ್ಕೆ ಹರಳೆಣ್ಣೆ ಅರಿಶಿನ ಕಲಸಿ ಹಚ್ಚಿದಳು. ಸಂಜೆ ಗೂಡಿಗೆ ಬಿಟ್ಟು ನೋಡಿದಳು. ಬಿಟ್ಟದ್ದೇ ತಡ, ಮಿಕ್ಕ ಕೋಳಿಗಳು ರಕ್ತದ ಬಣ್ಣ ಕಂಡು ಸುತ್ತಿಕೊಂಡವು. ಇದೇ ಹೇಂಟೆಯ ಕಾವಿನಲ್ಲಿ ಹುಟ್ಟಿದ ಮರಿಯೇ ಮೊದಲು ಗಾಯಕ್ಕೆ ಕುಕ್ಕಿತು. ಅವಳು ಅದನ್ನು ಕಿತ್ತುಕೊಂಡು ಬಂದು ಅಡುಗೆಮನೆಯ ಮೂಲೆಯಲ್ಲಿ, ಒರಳಿನ ಪಕ್ಕ, ಬಿದಿರಿನ ಮಂಕರಿ ಬೋರಲು ಹಾಕಿ ಅದರಡಿ ಕೂರಿಸಿದಳು. ಮೇಲೊಂದು ಕಲ್ಲು ಇಟ್ಟಳು.

ಹೊಲದಿಂದ ಬಂದ ಎರ್ರಪ್ಪ ಮಂಕರಿ ಎತ್ತಿ ನೋಡಿದ.

"ಇದು ಉಳಿಯಲ್ಲ ಅತ್ಗೆ. ಕೊಡು ಇತ್ಲಾಗೆ. ಒಂದು ಗುಟುಕು ಔಷಧಿ ಕುಡಿಸಿ ಪೊದೆ ಹತ್ರ ಬಿಟ್ರೆ ನರಿ ಕಾಟ ಅಲ್ಲಿಗೆ ಮುಗೀತು."

"ನರಿನೇ ತಿನ್ನುತ್ತೆ ಅಂತ ಯಾರು ಹೇಳಿದ್ರು? ನಮ್ ಕೆಂಚ ತಿಂದ್ರೆ?"

"ಕಟ್ಟಾಕು."

"ಬೇರೆಯೋರ ನಾಯಿ? ಹದ್ದು ಎತ್ಕೊಂಡು ಹೋಗಿ ಬಾವಿಗೆ ಬೀಳಿಸಿದ್ರೆ?"

"ನಿಂಗೆ ಎಲ್ಲದಕ್ಕೂ ಒಂದು ಅನುಮಾನ," ಅಂದು ಎರ್ರಪ್ಪ ಅಣ್ಣನ ಮುಖ ನೋಡಿದ. ಮುನಿವೆಂಕಟಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ; ಹಚ್ಚುತ್ತಲೇ ಇದ್ದ. ಅಮ್ಮಾಜಮ್ಮ ಮಂಕರಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮಾತು ಅಲ್ಲಿಗೆ ನಿಂತಿತು.

ಅಂದಿನಿಂದ ಅವಳು ಬೆರಳ ತುದಿಯಲ್ಲಿ ರಾಗಿ ಅಂಬಲಿ ಅದ್ದಿ ಅದರ ಕೊಕ್ಕಿಗೆ ಮುಟ್ಟಿಸುತ್ತಿದ್ದಳು. ಮೊದಮೊದಲು ಅಂಬಲಿ ಕೊಕ್ಕಿನಿಂದ ಹೊರಗೇ ಸುರಿಯುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಅದು ತಾನಾಗಿ ಅವಳ ಬೆರಳನ್ನು ಕುಕ್ಕಿತು. ಅವಳಿಗೆ ಅಳು ಬಂತು, ಯಾರಿಗೂ ಹೇಳಲಿಲ್ಲ.

ಆದರೆ ನರಿ ಮತ್ತೆ ಬಂತು. ಈ ಸಲ ಒಂದು ಕೋಳಿಯನ್ನು ಅರ್ಧ ತಿಂದು ಬೇಲಿಯ ಹೊರಗೇ ಬಿಟ್ಟುಹೋಯಿತು. ಅಮ್ಮಾಜಮ್ಮ ಅದನ್ನು ತೋರಿಸಿ, "ಆಳವಾಗಿ ಹೂತು ಬಾ, ವಾಸನೆಗೆ ಮತ್ತೆ ಬರುತ್ತೆ," ಅಂದಳು. ಎರ್ರಪ್ಪ ಸರಿ ಅಂದ. ಕೋಳಿಯನ್ನು ಕಾಲು ಹಿಡಿದು ತೂಗಾಡಿಸುತ್ತಾ, ಹೆಗಲಿಗೆ ಗುದ್ದಲಿ ಹಾಕಿಕೊಂಡು ಪೊದೆಯ ಕಡೆ ಹೋದ. ತಿರುಗಿ ಬಂದು ಗುದ್ದಲಿಯನ್ನು ಗೋಡೆಗೆ ಒರಗಿಸಿದಾಗ ಅದಕ್ಕೆ ಒಂದಿಷ್ಟೂ ಮಣ್ಣು ಅಂಟಿರಲಿಲ್ಲ. ಅಮ್ಮಾಜಮ್ಮ ಅದನ್ನು ನೋಡಿದಳು. ಕೇಳಬೇಕು ಅಂದುಕೊಂಡಳು. ಹಸು ಕರೆಯುವ ಹೊತ್ತಾಗಿತ್ತು, ಕರು ಬಿಚ್ಚಿಕೊಂಡಿತ್ತು. ಕೇಳುವುದು ಹಾಗೆಯೇ ಉಳಿಯಿತು.

ಬೆಳಿಗ್ಗೆ ಕೆಂಚ ಬಾಗಿಲಲ್ಲಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಹೊಲದಿಂದ ಬಂತು, ಕುಡಿದವನ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತಾ. ತಿಪ್ಪೆಯ ಮೇಲೆ ಹತ್ತಿ ನಿಂತು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿತು. ಅಲ್ಲಿಂದ ಇಳಿದು ದನದ ಕೊಟ್ಟಿಗೆಯ ತನಕ ಬಂದು ಬಿದ್ದುಬಿಟ್ಟಿತು. ಬಾಯಿಂದ ನೊರೆ. ಕಾಲುಗಳು ಮಲಗಿದಲ್ಲೇ ಓಡುತ್ತಿದ್ದವು. ಅಮ್ಮಾಜಮ್ಮ ನೀರು ಬಿಡಲು ಹೋದಾಗ ಅದು ಅವಳ ಗುರುತು ಹಿಡಿಯಲಿಲ್ಲ.

"ಹಾವು ಮುಟ್ಟಿರಬೇಕು," ಅಂದ ಎರ್ರಪ್ಪ. ನಾಯಿಯ ಹತ್ತಿರ ಮಾತ್ರ ಬರಲಿಲ್ಲ.

ಗಂಡ ಹೆಂಡತಿ ಸೇರಿ ಸತ್ತ ಕೆಂಚನನ್ನು ಗೋಣಿಯಲ್ಲಿ ಸುತ್ತಿ ಹುಣಸೆಮರದ ಬುಡಕ್ಕೆ ಹೊತ್ತುಕೊಂಡು ಹೋದರು. ಗಟ್ಟಿ ನೆಲ, ಗುಂಡಿ ತೋಡುವುದು ತಡವಾಯಿತು. ಕೋಳಿಗಳನ್ನು ಗೂಡಿನಿಂದ ಬಿಟ್ಟವರು ಯಾರೆಂದು ಆಮೇಲೆ ಯಾರೂ ಒಪ್ಪಿಕೊಳ್ಳಲಿಲ್ಲ. ಅವಳು ವಾಪಸು ಬಂದಾಗ ಅವು ತಿಪ್ಪೆಯ ಮೇಲೆ ಇದ್ದವು.

ಹುಂಜ ಮೊದಲು ಹೋಯಿತು. ಕತ್ತನ್ನು ಬೆನ್ನಿನ ಮೇಲೆ ಮಡಚಿ, ಹಿಂದಹಿಂದಕ್ಕೆ ನಡೆದು, ಗೋಡೆಗೆ ತಾಗಿ ಬಿತ್ತು. ಆಮೇಲೆ ಹೇಂಟೆಗಳು. ಒಂದು ನೀರಿನ ಬಾನಿಯ ಹತ್ತಿರ, ಎರಡು ಕಳ್ಳಿಯ ನೆರಳಿನಲ್ಲಿ, ಇನ್ನೊಂದು ಮರಿಗಳನ್ನು ಕರೆಯುತ್ತಾ ಕರೆಯುತ್ತಾ. ಕರೆಗೆ ಬಂದ ಮರಿಗಳೂ ಅಲ್ಲೇ ಉರುಳಿದವು. ಅಮ್ಮಾಜಮ್ಮ ಒಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ಅವಳ ಬಾಯಲ್ಲಿ ಮಾತೇ ಇರಲಿಲ್ಲ, ತೆಲುಗೂ ಇಲ್ಲ, ಕನ್ನಡವೂ ಇಲ್ಲ. ಒಲೆಗೆ ಹಾಕಿದ ಸೌದೆ ಉರಿದು ಮುಗಿಯುವ ಮುಂಚೆ ಹಿತ್ತಲು ನಿಶ್ಶಬ್ದವಾಯಿತು.

"ಕೊಕ್ಕರೆ ರೋಗ," ಅಂದ ಎರ್ರಪ್ಪ, ಸತ್ತವುಗಳನ್ನು ಎತ್ತಿ ತಡಿಕೆಯ ಬಳಿ ಒಟ್ಟುತ್ತಾ. "ಊರೆಲ್ಲ ಬಂದೈತಂತೆ."

"ಕೊಕ್ಕರೆ ರೋಗ ಬಂದ್ರೆ ತೂಕಡಿಸ್ತವೆ, ಹಸಿರು ಹಿಕ್ಕೆ ಹಾಕ್ತವೆ, ಆಮೇಲೆ ಸಾಯ್ತವೆ. ಹಿಂಗೆ ಸಾಯಲ್ಲ."

"ಈ ಸಲದ್ದು ಜೋರು."

ಒಳಗೆ ಹೋಗಿ ಕೂತುಬಿಟ್ಟ ಅಮ್ಮಾಜಮ್ಮ ಹೊತ್ತು ಇಳಿಯತೊಡಗಿದ ಮೇಲೆ ಎದ್ದು ಬಂದು ತಿಪ್ಪೆಯ ಮೇಲೆ ಹತ್ತಿದಳು. ಕೆಂಚ ಕಕ್ಕಿದ್ದ ಜಾಗವನ್ನು ಕೋಳಿಗಳು ಕೆದಕಿ ಬಿಡಿಸಿಟ್ಟಿದ್ದವು. ಅದರಲ್ಲಿ ಮಾಂಸದ ಚೂರು, ಕೋಳಿಯ ಪುಕ್ಕ. ಬಗ್ಗಿದಾಗ ವಾಸನೆ ಮೂಗಿಗೆ ಹೊಡೆಯಿತು. ಆಲೂಗಡ್ಡೆ ಹೊಲದಿಂದ ಎರ್ರಪ್ಪ ಬಂದ ದಿನ ಅವನ ಅಂಗಿ ನೆನೆಸಿದರೆ ಬರುವ ವಾಸನೆ ಅದು. ಮಣ್ಣು ಅಂಟದ ಗುದ್ದಲಿ ಅವಳ ಕಣ್ಣಮುಂದೆ ಬಂತು.

ಅವಳು ಇಳಿದು, ಎರ್ರಪ್ಪ ಇದ್ದ ತಡಿಕೆಯ ಬಳಿಗೆ ಬಂದಳು. ಒಟ್ಟಿದ್ದ ಕೋಳಿಗಳಲ್ಲಿ ಹುಂಜ ಇರಲಿಲ್ಲ.

"ಹುಂಜ ಎಲ್ಲಿ?"

"ಕೇರಿ ಆಂಜಿನಮ್ಮ ಆಗ್ಲೇ ಹುಲ್ಲಿಗೆ ಬಂದಿದ್ಲು. ಕೊಟ್ಟೆ. ಒಂದು ಹೇಂಟೆನೂ ಕೊಟ್ಟೆ. ರೋಗದ ಕೋಳಿ ಅವರೇನು ತಿನ್ನಲ್ವಾ?"

ಅಮ್ಮಾಜಮ್ಮ ಅವನ ಮುಖವನ್ನೇ ನೋಡಿದಳು. ಅವನು ಕೆಳಗೆ ನೋಡಿದ.

"ನಿಂಗೆ ಗೊತ್ತಿತ್ತು," ಅಂದಳು.

"ಬೇಯಿಸಿದ್ರೆ ಹೋಗುತ್ತೆ ಅತ್ಗೆ," ಅಂದ ಅವನು, ತೀರ ಸಣ್ಣ ದನಿಯಲ್ಲಿ. "ಕೊಡಲ್ಲ ಅಂದಿದ್ರೆ ಯಾಕೆ ಅಂತ ಕೇಳ್ತಿದ್ಲು."

ಅವಳು ಓಡಿದಳು. ಆ ವಯಸ್ಸಿನಲ್ಲಿ, ಆ ಮನೆಯ ಸೊಸೆ, ತಲೆಯ ಮೇಲೆ ಸೆರಗಿಲ್ಲದೆ ಊರ ನಡುವೆ ಓಡಿದ್ದನ್ನು ಜನ ಆಮೇಲೆ ಬಹಳ ದಿನ ಆಡಿಕೊಂಡರು. ಅರಳಿಕಟ್ಟೆ ದಾಟಿ, ಕೆರೆಯ ಏರಿ ಇಳಿದು, ಊರಾಚೆಯ ಕೇರಿಗೆ ಬಂದಳು. ಮದುವೆಯಾಗಿ ಬಂದಮೇಲೆ ಅವಳು ಆ ಕೇರಿಯೊಳಗೆ ಕಾಲಿಟ್ಟಿರಲಿಲ್ಲ. ಆಂಜಿನಮ್ಮನ ಮನೆ ಯಾವುದೆಂದು ಕೇಳಬೇಕಾಯಿತು. ವರ್ಷಗಟ್ಟಲೆ ತನ್ನ ಹಿತ್ತಲಿನಲ್ಲಿ ಹುಲ್ಲು ಕೊಯ್ದವಳ ಮನೆ ಅದು. ತೋರಿಸಿದವರೂ ಬೆರಗಾಗಿ ನೋಡಿದರು.

ಸಾರಿನ ವಾಸನೆ ಬಾಗಿಲಿಗೇ ಬಂತು. ಒಳಗೆ ಒಲೆಯ ಮುಂದೆ ಆಂಜಿನಮ್ಮ ಮುದ್ದೆ ಕಟ್ಟುತ್ತಿದ್ದಳು. ಅವಳ ಇಬ್ಬರು ಹೆಣ್ಣುಮಕ್ಕಳು ತಟ್ಟೆ ಇಟ್ಟುಕೊಂಡು ಕಾದು ಕೂತಿದ್ದರು. ಗೋಡೆಗೆ ಒರಗಿ ಕೂತಿದ್ದ ಮಾವ ಮುನಿಶಾಮಿಗೆ ಹಲ್ಲಿರಲಿಲ್ಲವೆಂದು ಮೊದಲೇ ಒಂದು ಬಟ್ಟಲು ಸಾರು ಕೊಟ್ಟಿದ್ದಳು. ಬಟ್ಟಲು ಬರಿದಾಗಿತ್ತು.

ಅಮ್ಮಾಜಮ್ಮನಿಗೆ ಉಸಿರು ಸಿಗದೆ ಮಾತು ಹೊರಡಲಿಲ್ಲ. ಆಂಜಿನಮ್ಮ ಚಿಕ್ಕವಳ ತಟ್ಟೆಗೆ ಸೌಟು ಬಗ್ಗಿಸುತ್ತಿದ್ದಳು. ಅಮ್ಮಾಜಮ್ಮ ಮುಂದೆ ಬಂದು ಕಾಲಿನಿಂದ ಮಡಕೆಯನ್ನು ಉರುಳಿಸಿದಳು. ಸಾರು ಒಲೆಯೊಳಗೆ ಹರಿದು ಹೊಗೆಯೆದ್ದಿತು.

ಆಂಜಿನಮ್ಮ ಸೌಟು ಹಿಡಿದುಕೊಂಡೇ ಎದ್ದು ನಿಂತಳು.

"ನಮ್ ಮನೆ ನೀರು ಮುಟ್ಟದೋರು, ಮಡಕೆ ಒದೆಯಕ್ಕೆ ಒಳಗೆ ಬಂದ್ರಾ?"

"ವಿಷ ಐತೆ ಕಣಮ್ಮ. ಅದರಾಗೆ ವಿಷ ಐತೆ. ರೋಗ ಅಲ್ಲ."

"ಎರ್ರಪ್ಪನೋರು ರೋಗ ಅಂದ್ರು."

"ಸುಳ್ಳು ಹೇಳಿದ. ಮಕ್ಕಳು ತಿಂದವಾ?"

"ಇಲ್ಲ." ಆಂಜಿನಮ್ಮನ ಕಣ್ಣು ಮಾವನ ಕಡೆ ತಿರುಗಿತು.

ಮುನಿಶಾಮಿಯ ಹಣೆಯ ಮೇಲೆ ಬೆವರು ಕೂಡಿತ್ತು. ತುಟಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. "ಏನೋ ಕಣ್ಣು ಮಂಜಾಗ್ತೈತೆ ತಾಯಿ," ಅಂದ. ಇಬ್ಬರು ಹೆಂಗಸರೂ ಅವನ ಎರಡು ಕಡೆ ಕೂತರು. ಉಪ್ಪು ಕದಡಿದ ನೀರನ್ನು ಕುಡಿಸಿ ಕುಡಿಸಿ ಕಕ್ಕಿಸಿದರು. ಕಕ್ಕಿದ್ದನ್ನು ಬೂದಿ ಹಾಕಿ ಮುಚ್ಚಿ, ಯಾವ ಪ್ರಾಣಿಯೂ ಮುಟ್ಟದಂತೆ ಮಂಕರಿ ಬೋರಲು ಹಾಕಿದಳು ಆಂಜಿನಮ್ಮ. ಅಷ್ಟರಲ್ಲಿ ಹೆಂಡತಿಯ ಹಿಂದೆಯೇ ಬಂದ ಮುನಿವೆಂಕಟಪ್ಪ ಬಾಗಿಲಲ್ಲಿ ನಿಂತಿದ್ದ. ಒಳಗಿನದನ್ನು ನೋಡಿ, ಯಾರನ್ನೂ ಏನೂ ಕೇಳದೆ, "ಗಾಡಿ ಕಟ್ಟಿ ತರ್ತೀನಿ," ಅಂದು ತಿರುಗಿದ. ತಮ್ಮನ ಅಪ್ಪಣೆಯಿಲ್ಲದೆ ಅವನು ಎತ್ತು ಬಿಚ್ಚಿದ್ದು ಅದೇ ಮೊದಲು.

ಅಮ್ಮಾಜಮ್ಮ ಅವನ ಜೊತೆಯಲ್ಲೇ ಮನೆಗೆ ಬಂದಳು. ಡಾಕ್ಟರು ಏನು ಔಷಧಿ ಎಂದು ಕೇಳಿಯೇ ಕೇಳುತ್ತಾರೆ. ಎರ್ರಪ್ಪ ಜಗುಲಿಯ ಮೇಲೆ ಕೂತಿದ್ದ.

"ಸೀಸೆ ಎಲ್ಲಿ?"

"ಯಾವ ಸೀಸೆ?"

"ಆ ಮುದುಕ ಸಾಯ್ತಾನೆ, ಎರ್ರಪ್ಪ."

"ಸೀಸೆ ತಗೊಂಡು ಹೋದ್ರೆ ಪೊಲೀಸ್ನೋರು ಬರ್ತಾರೆ. ನಾಳೆ ನಂಗೊಂದು ಮಗು ಹುಟ್ಟುತ್ತೆ ಅತ್ಗೆ. ಸ್ವಲ್ಪ ಯೋಚ್ನೆ ಮಾಡು."

"ಆ ಮನೇಲೂ ಎರಡು ಮಕ್ಕಳು ತಟ್ಟೆ ಹಿಡ್ಕೊಂಡು ಕೂತಿದ್ವು. ನೋಡಿ ಬಂದೆ."

ಅವಳು ಮನೆಯೆಲ್ಲ ಹುಡುಕಿದಳು. ಕೊನೆಗೆ ಸಿಕ್ಕಿದ್ದು ಅಡುಗೆಮನೆಯ ಅಟ್ಟದಲ್ಲಿ, ಬೆಲ್ಲದ ಮಡಕೆಯ ಮಗ್ಗುಲಲ್ಲಿ. ಚೀಟಿಯ ಮೇಲೆ ತಲೆಬುರುಡೆ, ಬಾಯಿಗೆ ಬಟ್ಟೆಯ ಬಿರಡೆ, ಬಟ್ಟೆ ಒದ್ದೆ. ದಿನಾ ಬೆಳಿಗ್ಗೆ ಅವಳು ಕೈ ಚಾಚಿ ಬೆಲ್ಲ ಮುರಿಯುತ್ತಿದ್ದ ಜಾಗ ಅದು. ಹಳೆಯ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಗಾಡಿ ಸೇರುವ ಹೊತ್ತಿಗೆ ಮುನಿಶಾಮಿ ಮಾತು ಬಿಟ್ಟಿದ್ದ. ದಾರಿಯುದ್ದಕ್ಕೂ ಅವನ ತಲೆ ಆಂಜಿನಮ್ಮನ ತೊಡೆಯ ಮೇಲೆ, ಕಾಲು ಅಮ್ಮಾಜಮ್ಮನ ಮಡಿಲಲ್ಲಿ. ಡಾಕ್ಟರು ರೆಪ್ಪೆ ಬಿಡಿಸಿ ನೋಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಸೀಸೆಯ ಚೀಟಿ ಓದಿ ನರ್ಸಿಗೆ ಏನೋ ಹೇಳಿದರು. ಆಮೇಲೆ ಸೂಜಿಯ ಮೇಲೆ ಸೂಜಿ. ಹೊರಗೆ ಬೇವಿನಮರದ ಕಟ್ಟೆಯ ಎರಡು ಕೊನೆಯಲ್ಲಿ ಇಬ್ಬರೂ ಕೂತಿದ್ದರು. ಆಂಜಿನಮ್ಮ ಒಂದು ಸಲ ಮಾತ್ರ ಬಾಯಿ ಬಿಟ್ಟಳು.

"ನೀವು ಬರೋದು ಒಂದು ಗಳಿಗೆ ತಡ ಆಗಿದ್ರೆ ಏನಮ್ಮ ಆಗ್ತಿತ್ತು?"



ಮುನಿಶಾಮಿ ಉಳಿದ. ಆದರೆ ಕೈಗಳು ಉಳಿಯಲಿಲ್ಲ. ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವನಿಗೆ ಸಮನಿರಲಿಲ್ಲ; ಇನ್ನು ಮೇಲೆ ನಾರು ಹಿಡಿದರೆ ಬೆರಳು ನಡುಗಿ ಎಳೆ ಜಾರುತ್ತಿತ್ತು.

ಊರ ಹಿರಿಯರು ವಿಚಾರಣೆಗೆ ಕೂತರು. ಮನೆಯ ಮಾತು ಮನೆಯಲ್ಲೇ ಇರಲಿ ಎಂದು ಕೆಲವರು ಅಮ್ಮಾಜಮ್ಮನಿಗೆ ಮೊದಲೇ ಹೇಳಿಕಳಿಸಿದ್ದರು. ಅವಳು ಅರಳಿಕಟ್ಟೆಯ ಕೆಳಗೆ ನಿಂತು, ಗುದ್ದಲಿಯಿಂದ ಹಿಡಿದು ಹುಂಜದವರೆಗೆ ಎಲ್ಲವನ್ನೂ ಹೇಳಿದಳು. ಮಣ್ಣಿಲ್ಲದ ಗುದ್ದಲಿ ಕಂಡೂ ತಾನು ಕೇಳದೆ ಹೋದದ್ದನ್ನೂ ಹೇಳಿದಳು. ಎರ್ರಪ್ಪನಿಗೆ ಹಿರಿಯರು ಬೈದರು. ಪೊಲೀಸರ ತನಕ ಯಾರೂ ಹೋಗಲಿಲ್ಲ; ಹೋಗುವ ಶಕ್ತಿ ಇದ್ದವರಿಗೆ ಮನಸ್ಸಿರಲಿಲ್ಲ, ಮನಸ್ಸಿದ್ದವರಿಗೆ ಶಕ್ತಿ ಇರಲಿಲ್ಲ. ಅಂದು ಕೂಲಿಗೆ ಹೋಗಿದ್ದ ಆಂಜಿನಮ್ಮನ ಗಂಡ ಬಯ್ಯಪ್ಪ ಒಂದೇ ಮಾತು ಕೇಳಿದ: ಎರ್ರಪ್ಪ ಮುನಿಶಾಮಿಯ ಮುಂದೆ ಬಂದು, ಗೊತ್ತಿದ್ದೂ ಕೊಟ್ಟೆ ಎಂದು ತನ್ನ ಬಾಯಿಂದ ಹೇಳಬೇಕು. ಎರ್ರಪ್ಪ ಹೂಂ ಅಂದ. ಇವತ್ತು ನಾಳೆ ಅನ್ನುತ್ತಾ ಹೋಗಲೇ ಇಲ್ಲ. ಅತ್ತಿಗೆಯ ಜೊತೆ ಮಾತು ಬಿಟ್ಟ. ಅವಳು ಬಡಿಸಿದ್ದನ್ನು ತಲೆ ಬಗ್ಗಿಸಿ ಉಣ್ಣುತ್ತಿದ್ದ. ಸುದ್ದಿ ತಿಳಿದ ಅವನ ಹೆಂಡತಿ, ಆ ಸೀಸೆಗಳು ಮನೆಯಿಂದ ಹೊರಗೆ ಹೋಗುವ ತನಕ ಕೂಸನ್ನು ಕರೆತರುವುದಿಲ್ಲ ಎಂದು ತವರಲ್ಲೇ ಕೂತಳು. ಆಮೇಲೆ ಸೀಸೆಗಳು ಹೊಲದ ಬಾವಿಯ ಬಳಿಯ ಕೊಟ್ಟಿಗೆಗೆ ಹೋದವು.

ಇದೆಲ್ಲಕ್ಕೂ ಮೊದಲು, ಆಸ್ಪತ್ರೆಯಿಂದ ಬಂದ ಸಂಜೆ, ಅಮ್ಮಾಜಮ್ಮ ಕತ್ತಲು ಕವಿಯುತ್ತಿದ್ದ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಹಿತ್ತಲಿನಲ್ಲಿ ಒಂದು ಸದ್ದೂ ಇರಲಿಲ್ಲ. ಬೆಟ್ಟದ ಬುಡದಲ್ಲಿ ನರಿಗಳು ಊಳಿಡತೊಡಗಿದವು, ಒಂದಲ್ಲ, ಹಲವು. ಅವುಗಳಲ್ಲಿ ಯಾವುದಕ್ಕೂ ಏನೂ ಆಗಿರಲಿಲ್ಲ. ಆಗ ಒರಳಿನ ಪಕ್ಕದಿಂದ ಕೆರೆಯುವ ಸದ್ದು ಬಂತು. ಆ ಗಲಾಟೆಯಲ್ಲಿ ಅವಳು ಮರೆತೇಬಿಟ್ಟಿದ್ದ ಬೂದು ಹೇಂಟೆ. ನೀರಿಲ್ಲದೆ ಕೊಕ್ಕು ತೆರೆದುಕೊಂಡಿತ್ತು. ಅವಳು ಬಟ್ಟಲು ಹಿಡಿದಳು. ಅದು ಕುಡಿಯುತ್ತಾ ಪ್ರತಿ ಗುಟುಕಿಗೂ ತಲೆಯೆತ್ತಿತು.

ತಿಪ್ಪೆಯ ಮೇಲ್ಮಣ್ಣನ್ನೆಲ್ಲ ಮುನಿವೆಂಕಟಪ್ಪ ಕೆತ್ತಿ ತೆಗೆದು ದೂರ ಹೂತ. ಆದರೂ ಅವಳು ಹೇಂಟೆಯನ್ನು ಹೊರಗೆ ಬಿಡಲು ಹೆದರಿದಳು. ಒಣಗಿದ ಎಲೆ ಕುಕ್ಕಿದರೂ ಓಡಿ ಹೋಗಿ ಬಾಯಿ ಬಿಡಿಸಿ ನೋಡುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಅದು ಬೇರೆಯವರ ಹುಂಜದ ಜೊತೆ ಸೇರಿ ಮೊಟ್ಟೆಯಿಟ್ಟಿತು, ಕಾವಿಗೆ ಕೂತಿತು. ಒಂದು ರೆಕ್ಕೆ ಸೊಟ್ಟಗೇ ಉಳಿಯಿತು. ಆ ಕಡೆಯ ಮರಿಗಳನ್ನು ಮುಚ್ಚಲು ಅದು ಮೈ ವಾಲಿಸಿ ಕೂರುತ್ತಿತ್ತು. ಮರಿಗಳು ಬೆಳೆದಾಗ ಅಮ್ಮಾಜಮ್ಮ ಎರಡನ್ನು ಎತ್ತಿಕೊಂಡು ಕೇರಿಗೆ ಹೋದಳು.

"ನಿಮ್ಮನೆ ಕೋಳಿ ನಮಗೆ ಬೇಡಮ್ಮ," ಅಂದಳು ಆಂಜಿನಮ್ಮ, ಬಾಗಿಲಿಂದ ಆಚೆ ಬಾರದೆ. ಅಮ್ಮಾಜಮ್ಮ ಅವನ್ನು ಎತ್ತಿಕೊಂಡೇ ವಾಪಸು ಬಂದಳು.

ಮುಂದಿನ ವರ್ಷ ಮುನಿಶಾಮಿ ತೀರಿಕೊಂಡ. ವಯಸ್ಸಾಗಿತ್ತು ಅಂದರು. ಅದಾದ ಕೆಲವು ತಿಂಗಳಿಗೆ ಒಂದು ಬೆಳಿಗ್ಗೆ ಆಂಜಿನಮ್ಮ ಕಳ್ಳಿಬೇಲಿಯ ಹೊರಗೆ ಬಂದು ನಿಂತಳು.

"ದೊಡ್ಡ ಹುಡುಗಿ ಮೈ ನೆರೆದವ್ಳೆ. ಮೊಟ್ಟೆ ತಿನ್ನಿಸಬೇಕು. ಒಂದು ಯಾಟೆ ಕೋಳಿ ಪಾಲಿಗೆ ಕೊಡ್ತೀರಾ?"

"ಪಾಲು ಬೇಡ, ಹಂಗೇ ತಗೊಂಡೋಗಮ್ಮ."

"ಹಂಗೇ ಬೇಡ. ಪಾಲಿಗೇ ಕೊಡಿ. ಮರಿ ಆದ್ರೆ ಅರ್ಧ ನಿಮಗೆ ತಂದುಕೊಡ್ತೀನಿ."

"ಒಳಗೆ ಬಾ, ಯಾವುದು ಬೇಕೋ ನೀನೇ ಹಿಡ್ಕೋ."

ಆಂಜಿನಮ್ಮ ಒಳಗೆ ಬಂದಳು. ಒಂದು ಕೆಂಪು ಹೇಂಟೆಯನ್ನು ಹಿಡಿದು, ಕೊಕ್ಕು ಬಿಡಿಸಿ ನೋಡಿದಳು, ಕಣ್ಣು ನೋಡಿದಳು, ಅದರ ಬಾಯಿ ಮೂಸಿದಳು. ಆಮೇಲೆ ಕಾಲಿಗೆ ದಾರ ಕಟ್ಟಿ ಗೂಟಕ್ಕೆ ಬಿಗಿದು, ತಾನು ಮಡಿಲಲ್ಲಿ ತಂದಿದ್ದ ಕಾಳನ್ನು ಅದರ ಮುಂದೆ ಚೆಲ್ಲಿದಳು. ಅಮ್ಮಾಜಮ್ಮ ಕೊಡಲು ಬಂದ ಕಾಳನ್ನು ಬೇಡ ಅಂದಳು. ಬಿಸಿಲು ಇಳಿಯುವ ತನಕ ಹೇಂಟೆ ತಿನ್ನುವುದನ್ನು, ನೀರು ಕುಡಿಯುವುದನ್ನು, ನೆಟ್ಟಗೆ ನಡೆಯುವುದನ್ನು ನೋಡುತ್ತಾ ಅಲ್ಲೇ ಕೂತಿದ್ದಳು. ಅಮ್ಮಾಜಮ್ಮನೂ ಕೆಲಸ ಬಿಟ್ಟು ಬಂದು ಸ್ವಲ್ಪ ದೂರದಲ್ಲಿ ಕೂತಳು. ಸಂಜೆ ಆಂಜಿನಮ್ಮ ದಾರ ಬಿಚ್ಚಿ, ಕೋಳಿಯನ್ನು ಕಂಕುಳಿಗೆ ಸೇರಿಸಿಕೊಂಡು, "ಬರ್ತೀನಮ್ಮ," ಅಂದು ಕೆರೆಯ ಏರಿಯ ಕಡೆ ನಡೆದಳು.